ಹೊಸ ಭಾಷೆಗೆ ವಂಶಾವಳಿ ಬರೆಯುವ ಕ್ರಮ

ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಮಾರುಕಟ್ಟೆಗೆ ಬಿಡುವ ಮುನ್ನ ಅದರ ಹಿರಿಯರ ಪಟ್ಟಿ ಮಾಡಿ. ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಗಿರಾಕಿಯ ಮುಖ ನೋಡಿಕೊಂಡು ಒಬ್ಬೊಬ್ಬರನ್ನೇ ಹೊರಗೆ ಬಿಡಿ.

ಮನೆಯಲ್ಲಿ ಲಿಸ್ಪ್ ಅಜ್ಜ ಇದ್ದರೆ ಹೆಚ್ಚಿನ ಎಚ್ಚರ ಬೇಕು. 1958ರಲ್ಲಿ ಎಂಐಟಿಯ ಜಾನ್ ಮೆಕಾರ್ಥಿ ಕೈಯಲ್ಲಿ ಹುಟ್ಟಿದವನು. ಬೇಡದ ಮೆಮೊರಿಯನ್ನು ಯಂತ್ರವೇ ಗುಡಿಸಿ ಹಾಕುವ ಗಾರ್ಬೇಜ್ ಕಲೆಕ್ಷನ್ ಶುರುವಾದದ್ದು ಇವನಲ್ಲೇ. ಅದನ್ನು ‘ನಮ್ಮ ಆಧುನಿಕ ಸೌಲಭ್ಯ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ, ಅಜ್ಜನ ಹೆಸರೆತ್ತಬೇಡಿ. ಎತ್ತಿದರೋ, ಜನ ಕೂತು ಅವನ ಮೈತುಂಬ ಇರುವ ಆವರಣ ಚಿಹ್ನೆ ಎಣಿಸುತ್ತಾರೆ. ಎದುರಿಗಿರುವವರು ಪ್ರೊಫೆಸರಾದರೆ ಮಾತ್ರ ಅಜ್ಜನಿಗೆ ಪೇಟ ಸುತ್ತಿ ಮುಂದಿನ ಸಾಲಿನಲ್ಲಿ ಕೂರಿಸಿ.

ಸ್ವಂತ ಅಜ್ಜ ನಡೆಯದಿದ್ದರೆ ಪಕ್ಕದ ಮನೆಯವನನ್ನು ಕಡ ತನ್ನಿ. 1995ರಲ್ಲಿ ನೆಟ್‌ಸ್ಕೇಪ್ ಹಾಕಿಕೊಟ್ಟ ದಾರಿ ಇದು. ಬ್ರೌಸರ್‌ಗೆ ಲಿಸ್ಪ್ ವಂಶದ ಸ್ಕೀಮ್ ಭಾಷೆ ತರೋಣ ಎಂದು ಬ್ರೆಂಡನ್ ಐಕ್ ಅವರನ್ನು ಕರೆಸಿ, ಬಂದ ಮೇಲೆ ‘ನೋಡೋಕೆ ಜಾವಾ ಥರ ಇರಲಿ’ ಎಂದರು. ಅವರು 10 ದಿನದಲ್ಲಿ ಮೊದಲ ರೂಪ ಎಬ್ಬಿಸಿ ನಿಲ್ಲಿಸಿದರು. ಹೆಸರು ಮೋಚಾ ಆಯಿತು, ಲೈವ್‌ಸ್ಕ್ರಿಪ್ಟ್ ಆಯಿತು, ಡಿಸೆಂಬರ್ ಹೊತ್ತಿಗೆ ಜಾವಾಸ್ಕ್ರಿಪ್ಟ್. ಒಳಗಿನ ರಕ್ತ ಸ್ಕೀಮ್ ಮತ್ತು ಸೆಲ್ಫ್ ಭಾಷೆಗಳದು, ಬಾಗಿಲ ಮೇಲಿನ ಫಲಕ ಜಾವಾದ್ದು. ಜಾವಾ, ಜಾವಾಸ್ಕ್ರಿಪ್ಟ್ ಎರಡೂ ಬೇರೆ ಕಣಪ್ಪಾ ಎಂದು ವರ್ಷಾ ವರ್ಷ ಹೊಸ ಹುಡುಗರಿಗೆ ಹೇಳುವ ಕೆಲಸ ಮೇಷ್ಟರುಗಳಿಗೆ ಬಿಡಿ. ಅವರ ಸಂಬಳ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಮಗನಿಗೆ ಅಪ್ಪನ ಹೆಸರನ್ನೇ ಇಡುವುದೂ ಉಂಟು. ಪರ್ಲ್ ಭಾಷೆಯವರ ಹಾಗೆ, ಪರ್ಲ್ 6 ಬರುತ್ತದೆ ಎಂದು 2000ದಲ್ಲಿ ಡಂಗುರ ಹೊಡೆಸಿ, 2015ರ ಕ್ರಿಸ್‌ಮಸ್‌ವರೆಗೆ ಕಾಯಿಸಿ. ಅಷ್ಟರಲ್ಲಿ ಆರು ಬರುತ್ತದಂತೆ, ಐದನ್ನು ಯಾಕೆ ಕಲಿಯಲಿ ಎನ್ನುವವರು ಒಂದು ಕಡೆ. ಆರು ಬರುವುದೇ ಇಲ್ಲ ಎನ್ನುವವರು ಇನ್ನೊಂದು ಕಡೆ. ಒಂದೇ ಹೆಸರಿನಲ್ಲಿ ಇಬ್ಬರ ವ್ಯಾಪಾರ ಕೆಡಿಸಲು ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಕಂಡಿಲ್ಲ. 2019ರಲ್ಲಿ ನಿಧಾನವಾಗಿ ಮಗನ ಹೆಸರನ್ನು ರಾಕು ಎಂದು ಬದಲಿಸಿ. ಯಾರಾದರೂ ‘ಪರ್ಲ್ ಮನೆಯವರಾ?’ ಎಂದರೆ ‘ಕೇಳಿದ ಹಾಗಿದೆ’ ಎನ್ನಿ.

ಎಲಿಕ್ಸಿರ್ ಭಾಷೆಯವರನ್ನು ಮಾತ್ರ ಅನುಸರಿಸಬೇಡಿ. ಎರಿಕ್‌ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಬೆಳೆಸಿದ ಎರ್ಲಾಂಗ್ ಭಾಷೆಯ ಬೆನ್ನ ಮೇಲೆಯೇ ನಾವು ಓಡುವುದು ಎಂದು ಅವರು ಬಾಯಿಬಿಟ್ಟು ಹೇಳುತ್ತಾರೆ. ಕೇಳಿದವರು ನಂಬಿ ಸುಮ್ಮನೆ ಕೆಲಸಕ್ಕೆ ಕೂರುತ್ತಾರೆ. ಹೀಗಾದರೆ ಪ್ರಚಾರ ವಿಭಾಗದಲ್ಲಿ ನಿಮ್ಮನ್ನು ಯಾಕೆ ಇಟ್ಟುಕೊಳ್ಳಬೇಕು?