ಹಿಟ್ನಾಳ ಟೋಲ್‌ನಲ್ಲಿ ಎಸ್‌ಟಿಆರ್ ಸಾಹೇಬರು

ಲೆಕ್ಕದ ಅಂಕಿ ಇರಲಿ, ದಿನಾಂಕ ಇರಲಿ, ಪರದೆಗೋ ಫೈಲಿಗೋ ಅಕ್ಷರಗಳಾಗಿ ಬರಬೇಕಾದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಎಸ್‌ಟಿಆರ್’ ಸಾಹೇಬರ ಗೇಟು ದಾಟಲೇಬೇಕು. ಅವರು ಸಿಕ್ಕಿದ್ದು ಹಿಟ್ನಾಳದ ಟೋಲ್‌ನಲ್ಲಿ. ಗೇಟು ಕಂಡಲ್ಲಿ ನಿಲ್ಲುವುದು ಅವರ ಚಾಳಿ.

ಪ್ರಶ್ನೆ: ನೀವು ಅಂಕಿಗಳ ಬಾಲ ಕತ್ತರಿಸುತ್ತೀರಂತೆ?

ಉತ್ತರ: ನಾನಲ್ಲರೀ. ಕೊಟ್ಟದ್ದನ್ನು ಮತ್ತೆ ಓದಿದಾಗ ಅದೇ ಬೆಲೆ ಬರುವಷ್ಟು ಅಂಕಿಗಳನ್ನು ನಾನು ಉಳಿಸಿಯೇ ಕಳಿಸುತ್ತೇನೆ. ‘ದಶಮಾಂಶ ಯಾಕೆ, ಸುಮಾರಾಗಿ ಬರಿ’ ಎಂದು ಅಪ್ಪಣೆ ಕೊಡುವವರು ನೀವು. ಇಲ್ಲೇ ಪಕ್ಕದ ತುಂಗಭದ್ರಾ ಜಲಾಶಯ ನೋಡಿ: 1,633 ಅಡಿಗೆ 105.788 ಟಿಎಂಸಿ. ಫಲಕದ ಮೇಲೆ 106 ಎಂದರೆ ಯಾರಿಗೂ ನಷ್ಟವಿಲ್ಲ. ಆದರೆ ಅದನ್ನೇ ಫೈಲಿನಲ್ಲಿಟ್ಟು ಮರುದಿನ ಲೆಕ್ಕಕ್ಕೆ ಕೂತರೆ 21.2 ಕೋಟಿ ಘನ ಅಡಿ ನೀರು ಹೆಚ್ಚಾಗಿರುತ್ತದೆ. ಹೂಳು ದಶಕಗಟ್ಟಲೆ ಕೂತು ಕಸಿದ ಜಾಗದಲ್ಲಿ ಇಷ್ಟನ್ನು ಒಂದೇ ಸಾಲಿನ ಪ್ರೋಗ್ರಾಂ ವಾಪಸ್ ಕೊಟ್ಟಿತು! ಗಂಗಾವತಿಯ ಭತ್ತದವರು ಮಾತ್ರ ಅದನ್ನು ಕಾಲುವೆಯಲ್ಲಿ ಹುಡುಕಬಾರದು.

ಪ್ರಶ್ನೆ: ಹಾಗಂತ ರೈತರಿಗೆ ಅಷ್ಟೆಲ್ಲ ಅಂಕಿ ಓದಿಸಲಾದೀತೇ?

ಉತ್ತರ: ಓದಿಸಬೇಡಿ. ತೋರಿಸುವುದು ಬೇರೆ, ಕಾಯ್ದಿಡುವುದು ಬೇರೆ. ಯಂತ್ರದ ಲೆಕ್ಕ ಎರಡರ ಪದ್ಧತಿಯದು, 0.1 ಅಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಅದಕ್ಕೇ 0.1ಕ್ಕೆ 0.2 ಕೂಡಿಸಿದರೆ ನಾನು 0.30000000000000004 ಎನ್ನುತ್ತೇನೆ. ನೀವು ನಗುತ್ತೀರಿ, ಆದರೆ ಒಳಗಿರುವುದನ್ನು ಮುಚ್ಚಿಡದೆ ಹೇಳಿದವನು ನಾನೇ. 64 ಬಿಟ್‌ನ ದಶಮಾಂಶ ಸಂಖ್ಯೆ ಫೈಲಿಗೆ ಹೋಗಿ ಹಾಗೇ ಮರಳಲು ಹದಿನೇಳು ಅಂಕಿ ಸಾಕು. ಅಷ್ಟನ್ನು ಫೈಲಿನಲ್ಲಿಡಿ, ಫಲಕಕ್ಕೆ ಬೇಕಾದರೆ ಒಂದೇ ಬರೆಸಿ.

ಪ್ರಶ್ನೆ: ಎಲ್ಲವನ್ನೂ ಅಕ್ಷರವಾಗಿಯೇ ಇಟ್ಟರೆ ಜಗಳವೇ ಇರದಲ್ಲ?

ಉತ್ತರ: ಇಟ್ಟು ನೋಡಿ! ಅಕ್ಷರದ ಸಾಲಿನಲ್ಲಿ ‘99’ಕ್ಕಿಂತ ‘105.788’ ಚಿಕ್ಕದು, ಏಕೆಂದರೆ 9ಕ್ಕಿಂತ 1 ಮೊದಲು ಬರುತ್ತದೆ. ತುಂಬಿದ ಜಲಾಶಯ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಹಾಗೆಂದು ಅಂಕಿ ಕಂಡದ್ದೆಲ್ಲ ಸಂಖ್ಯೆಯೂ ಅಲ್ಲ. ಕೆಎ 37ರ ಗಾಡಿಯ ‘0045’ ಅನ್ನು ಯಾರೂ ಕೂಡಿ ಕಳೆಯುವುದಿಲ್ಲ, ಅದು ಹೆಸರು. ಸಂಖ್ಯೆ ಮಾಡಿದಿರೋ, ಸೊನ್ನೆಗಳು ಮಾಯ. ಹೊಲದ ಸರ್ವೆ ನಂಬರ್ 12/3 ಎಂದು ಎಕ್ಸೆಲ್‌ಗೆ ಹೊಡೆದರೆ ಅದು ತಾರೀಖಾಗುತ್ತದೆ. ‘ಮಾರ್ಚ್1’ ಎಂಬ ಜೀನ್‌ಗೂ ಇದೇ ಗತಿಯಾಯಿತು. 2020ರ ಹೊತ್ತಿಗೆ ವಿಜ್ಞಾನಿಗಳು ಸೋತು ಜೀನ್‌ನ ಹೆಸರನ್ನೇ ಬದಲಿಸಿದರು.

ಪ್ರಶ್ನೆ: ನಮ್ಮವರಿಗೆ ಏನಾದರೂ ಹೇಳುವುದಿದೆಯೇ?

ಉತ್ತರ: ಒಂದೇ ಮಾತು. ಕುಷ್ಟಗಿ, ಯಲಬುರ್ಗಾದ ಮಳೆ ಪಟ್ಟಿಯಲ್ಲಿ ಮಾಪಕ ಕೆಟ್ಟ ದಿನದ ಮನೆ ಖಾಲಿಯಿದ್ದರೆ ಅದನ್ನು ಖಾಲಿಯೇ ಬಿಡಿ. ದಯವಿಟ್ಟು ಸೊನ್ನೆ ತುಂಬಬೇಡಿ.