ಗೈರುಹಾಜರಿ ಒಡೆಯರೂ ಗೇಣಿದಾರ ಕಳೆಗಳೂ: ಹೂದೋಟದ ಹಕ್ಕುಬಾಧ್ಯತೆ ಕುರಿತೊಂದು ವಿವೇಚನೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ, ಮಳೆಗಾಲವನ್ನೆಲ್ಲ ಅಲ್ಲೇ ಕಳೆದು ಮೈಸೂರಿಗೆ ಮರಳುವ ದಂಪತಿಗಳ ಹೂದೋಟದ ಬಗ್ಗೆ ನಮ್ಮ ವಿದ್ವತ್ ವಲಯ ತಳೆದಿರುವ ಮೌನ ಅಕ್ಷಮ್ಯ. ಆ ಕೊರತೆಯನ್ನು ತುಂಬುವುದೇ ಈ ಪ್ರಬಂಧದ ಉದ್ದೇಶ.

ಮೊದಲು ಪ್ರಮಾಣ ವಿಚಾರ. ಒಡೆಯರಿಲ್ಲದ ಅವಧಿಯಲ್ಲಿ ತೋಟ ಹೇಗಿತ್ತೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ, ಶಬ್ದಪ್ರಮಾಣವೇ ಗತಿ. "ದಿನಾ ನೀರು ಹಾಕ್ತಿದೀವಿ, ಯೋಚ್ನೆ ಮಾಡ್ಬೇಡಿ" ಎಂದು ಪಕ್ಕದ ಮನೆಯವರು ವಾಟ್ಸ್ಆಪಿನಲ್ಲಿ ಕಳಿಸುತ್ತಿದ್ದುದೇ ಆಪ್ತವಾಕ್ಯ. ಅದು ಸುಳ್ಳೇನಲ್ಲ. ನೀರು ಯಾರ ಬುಡಕ್ಕೆ ಹೋಯಿತೆಂದು ಯಾರೂ ಕೇಳಲಿಲ್ಲ, ಅಷ್ಟೆ. ಇನ್ನು ವೇದಾಂತಿಗಳು ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆಯನ್ನು ಸವಿಸ್ತಾರವಾಗಿ ಚರ್ಚಿಸಿದ್ದಾರೆ. ಎದೆಯೆತ್ತರದ ಹುಲ್ಲಿನಲ್ಲಿ ಕೇರೆಹಾವನ್ನು ನೀರಿನ ಪೈಪೆಂದು ತಿಳಿದು ಕೈಹಾಕುವ ಭ್ರಮೆ ಮಾತ್ರ ಚರ್ಚೆಗೆ ಬಂದಂತಿಲ್ಲ. ಭಾಷ್ಯಕಾರರು ಸ್ವತಃ ತೋಟ ಚೊಕ್ಕಟ ಮಾಡಿದವರಲ್ಲವೆಂದು ಇದರಿಂದ ಊಹಿಸಬಹುದು.

ಈಗ ಮೂಲ ಪ್ರಶ್ನೆ: ತೋಟ ಯಾರದು? ದೇವರಾಜ ಅರಸರ ಸರ್ಕಾರ ತಿದ್ದಿದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಊರಲ್ಲಿಲ್ಲದ ಒಡೆಯರ ಜಮೀನು 7ನೇ ನಮೂನೆಯ ಅರ್ಜಿ ತುಂಬಿಕೊಟ್ಟ ಗೇಣಿದಾರರ ಪಾಲಾಯಿತು. ಕಾಯ್ದೆ ಕೃಷಿಭೂಮಿಗಷ್ಟೇ ಅನ್ವಯ, ಹೂದೋಟಕ್ಕಲ್ಲ ಎಂಬುದು ಪೂರ್ವಪಕ್ಷ. ಆದರೆ ಕಳೆಗಳು ಕಾಯ್ದೆಯ ಆಶಯವನ್ನು ಓದಿಕೊಂಡಿವೆ. ನೆಲದಲ್ಲಿ ಬೇರುಬಿಟ್ಟು ದುಡಿದವರು ಅವು. ಒಡೆಯರು ವಿಡಿಯೊ ಕಾಲಿನಲ್ಲಿ ಮೊಮ್ಮಗುವನ್ನು ತೋರಿಸುತ್ತ ಕೂತವರು. ಗೇಣಿಗೆ ಕೊಡಲು ಸೈನಿಕರಿಗೂ ನಾವಿಕರಿಗೂ ಆ ಕಾಯ್ದೆಯಲ್ಲಿ ವಿನಾಯಿತಿಯಿದೆ, ಬಾಣಂತನಕ್ಕೆ ಹೋದವರಿಗಿಲ್ಲ. ಎಣ್ಣೆನೀರು, ಖಾರದಪುಡಿ, ರಾತ್ರಿಯ ಜಾಗರಣೆ ಎಲ್ಲ ಲೆಕ್ಕಹಾಕಿದರೆ ಇದು ಅನ್ಯಾಯವೆಂದೇ ನನ್ನ ಮತ.

ಅರ್ಜಿದಾರರಲ್ಲಿ ಹಿರಿಯ, ಕಾಂಗ್ರೆಸ್ ಗಿಡ. ಅಮೆರಿಕ ಖಂಡದ ಈ ಗಿಡ ಭಾರತದಲ್ಲಿ ಸುದ್ದಿಯಾದದ್ದು 1950ರ ದಶಕದಲ್ಲಿ, ಪುಣೆಯ ಸುತ್ತಮುತ್ತ. ಅಮೆರಿಕದಿಂದ ಬಂದವರನ್ನು ಅಮೆರಿಕದಿಂದ ಬಂದದ್ದೇ ಗೇಟಿನಲ್ಲಿ ಎದುರುಗೊಳ್ಳುವುದು ಈ ಪ್ರಕರಣದ ವೈಶಿಷ್ಟ್ಯ. ಒಂದು ವ್ಯತ್ಯಾಸವೆಂದರೆ ಅದರ ವೀಸಾ ಅವಧಿ ಎಂದೂ ಮುಗಿದಿಲ್ಲ. ಚೆನ್ನಾಗಿ ಬೆಳೆದ ಒಂದೊಂದು ಗಿಡವೂ 15,000ದಿಂದ 25,000 ಬೀಜ ಉದುರಿಸುತ್ತದೆ. ಇದನ್ನು ತೆರವು ಮಾಡಿಸಲೆಂದು ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ಎಲೆ ತಿನ್ನುತ್ತದೆ, ತನಗೆ ತೋಚಿದಷ್ಟು. ಉಳಿದದ್ದನ್ನು ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಬರಿಗೈಯಲ್ಲಿ ಕಿತ್ತವರ ವಾದ ಚರ್ಮರೋಗ ತಜ್ಞರ ಪೀಠಕ್ಕೆ ವರ್ಗವಾಗುವ ಸಂಭವವುಂಟು.

ತೆರವು ಕಾರ್ಯಾಚರಣೆ ತುಂಬೆ ಗಿಡದ ಬಳಿ ಬಂದಾಗ ಅಡುಗೆಮನೆಯ ಕಿಟಕಿಯಿಂದ ತಡೆಯಾಜ್ಞೆ ಹೊರಬೀಳುತ್ತದೆ: "ರೀ, ಅದನ್ನ ಕೀಳ್ಬೇಡಿ, ಶಿವರಾತ್ರಿಗೆ ಬೇಕು." ಉತ್ತರಾಣಿಗೂ ಗರಿಕೆಗೂ ಗಣೇಶನ ಹೆಸರಲ್ಲಿ ಅದೇ ರಕ್ಷಣೆ. ಚೌತಿ ಕಳೆದು ಎಷ್ಟೋ ವಾರಗಳಾದವೆಂಬ ಆಕ್ಷೇಪಕ್ಕೆ ಮುಂದಿನ ವರ್ಷವೂ ಚೌತಿಯಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹೀಗೆ ದೇವರ ಕೋಟಾದಡಿ ಕಾಲುಭಾಗ ತೋಟ ಸಕ್ರಮವಾಗುತ್ತದೆ.

ದಾಸವಾಳದ್ದು ಸುಲಭದ ಪ್ರಕರಣ. ಹೊಸ ಚಿಗುರಿನಲ್ಲೇ ಹೂ ಬಿಡುವ ಜಾತಿಯಾದ್ದರಿಂದ ನಿರ್ದಾಕ್ಷಿಣ್ಯವಾಗಿ ಸವರಬಹುದು, ಅದಕ್ಕೆ ಅವಮಾನವಿಲ್ಲ. ಕಸಿ ಗುಲಾಬಿಯದು ಮಾತ್ರ ಸ್ಪಷ್ಟ ಬೇನಾಮಿ. ನರ್ಸರಿಯ ಚೀಟಿಯಲ್ಲಿ ಕಡುಗೆಂಪು ಹೂವಿನ ಹೆಸರು, ಮಣ್ಣೊಳಗೆ ಕಾಡುಗುಲಾಬಿಯ ಬೇರು. ಯಜಮಾನರು ಊರಲ್ಲಿದ್ದಷ್ಟು ದಿನ ತೆಪ್ಪಗಿದ್ದ ಬೇರು, ಅವರು ವಿಮಾನ ಹತ್ತಿದ್ದೇ ಕಸಿಗಂಟಿನ ಕೆಳಗಿಂದ ಸ್ವಂತ ಹೆಸರಿನಲ್ಲಿ ಚಿಗುರುತ್ತದೆ. ಆ ಚಿಗುರು ಆಳೆತ್ತರ ಬೆಳೆದು ನಿಂತಾಗ "ಆಹಾ, ಗುಲಾಬಿ ಎಷ್ಟು ಸೊಂಪಾಗಿದೆ!" ಎಂದು ಮೆಚ್ಚಿಕೊಂಡವರು ಅನೇಕರು. ಅದರ ನೆರಳಲ್ಲಿ ಕಡುಗೆಂಪು ಒಣಗುತ್ತಿರುತ್ತದೆ. ಚಿಗುರನ್ನು ಮೇಲೆ ಕತ್ತರಿಸಿದರೆ ಸಾಲದು, ಮಣ್ಣು ಕೆದಕಿ ಹುಟ್ಟಿದಲ್ಲಿಂದಲೇ ಸಿಗಿದು ತೆಗೆಯಬೇಕು.

ಕೊನೆಯ ಕಕ್ಷಿದಾರ ಕೊನ್ನಾರಿ. ಅದರ ಗಡ್ಡೆಗಳು ನೆಲದೊಳಗೆ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಎಳೆದರೆ ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಅಲ್ಲೇ ಉಳಿಯುತ್ತದೆ. ಗುದ್ದಲಿಯಿಂದ ಅಗೆದರೆ ಸರಪಳಿ ತುಂಡಾಗಿ ಪ್ರತಿ ತುಂಡೂ ಪ್ರತ್ಯೇಕ ಅರ್ಜಿದಾರನಾಗುತ್ತದೆ. ತೀರ್ಪು ಹೊರಬಿದ್ದು ಬಾಂಡಲಿಯಲ್ಲಿ ಕಳೆ ಹೊತ್ತು ಹಾಕಿ ವಾರ ತುಂಬುವಷ್ಟರಲ್ಲಿ ಕೊನ್ನಾರಿ ಪಾತಿಯುದ್ದಕ್ಕೂ ಮೇಲ್ಮನವಿ ಸಲ್ಲಿಸಿದೆ. ನ್ಯಾಯಪೀಠದ ಸೊಂಟ ಹಿಡಿದುಕೊಂಡಿರುವುದರಿಂದ ವಿಚಾರಣೆಯನ್ನು ಮುಂದೂಡಲಾಗಿದೆ.