ಒಂದು ಹಲ್ಲು ಆಚೀಚೆ

ಹಿಂದೂಪುರದ ಮಂಡಿಯಿಂದ ಹುಣಸೆಹಣ್ಣು ಹೊತ್ತು ಹೊತ್ತು ಸುಸ್ತಾದ ಲಾರಿಯೊಂದರ ಇಂಜಿನ್ನು ಕಲ್ಯಾಣದುರ್ಗದ ಮನೆಯಂಗಳದಲ್ಲಿ, ಗೋಣಿತಾಟಿನ ಮೇಲೆ ಬಿಚ್ಚಿಕೊಂಡು ಬಿದ್ದಿದೆ ಎಂದುಕೊಳ್ಳಿ. ಲೈನರು, ಪಿಸ್ಟನ್ನು, ಬೇರಿಂಗು ಹೊಸವು ಬಂದಿವೆ. ಟೈಮಿಂಗ್ ಕೂಡಿಸುವುದೊಂದು ಬಾಕಿ. ಹೊಸ ಲಾರಿಗಳ ದೋಷ ಪತ್ತೆಮಾಡುವ ಸ್ಕ್ಯಾನರಿಗೆ ಕಂಪನಿಗಳು ಬೀಗ ಹಾಕಿರುವ ರಗಳೆ ಇದ್ದೇ ಇದೆ. ಅದರ ಬಗ್ಗೆ ಕಂಪನಿಯವರು, ಮೇಸ್ತ್ರಿಗಳು, ಮಾಲೀಕರು ಎಲ್ಲರೂ ಮಾತಾಡಿದ್ದಾಯಿತು. ಕ್ರ್ಯಾಂಕ್ ಗೇರಿನ ಹಲ್ಲಿನ ಮೇಲೆ ಪಂಚಿನ ಏಟು ತಿಂದು ಕೂತ ಚುಕ್ಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಪ್ರಶ್ನೆ: ಚುಕ್ಕೆಯವರೇ, ತಮ್ಮ ಕೆಲಸವಾದರೂ ಏನು?

ಚುಕ್ಕೆ: ಸಾಕ್ಷಿ ಹೇಳುವುದು: ಗೇರುಗಳ ಚುಕ್ಕೆಗಳು ಒಂದಕ್ಕೊಂದು ಕೂಡಿದರೆ ಟೈಮಿಂಗ್ ಸರಿ ಎಂದು. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮು ಒಂದೇ ಸುತ್ತು. ಅದಕ್ಕೇ ಅದರ ಗೇರಿಗೆ ನನ್ನ ಗೇರಿನ ಎರಡರಷ್ಟು ಹಲ್ಲು. ಅಲ್ಲಿ 48 ಹಲ್ಲಿದ್ದರೆ, ಒಂದು ಹಲ್ಲು ತಪ್ಪಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 15 ಡಿಗ್ರಿ ತಪ್ಪಿದಂತೆ. ಡೀಸೆಲ್ ಪಂಪು ತಡವಾದರೆ ಬಿಳಿ ಹೊಗೆ, ಅವಸರಪಟ್ಟರೆ ಟಕಟಕ ಬಡಿತ. ವಾಲ್ವೇ ತಪ್ಪಿದರೆ ಪಿಸ್ಟನ್ನು ಬಂದು ಗುದ್ದಿ ಪುಶ್‌ರಾಡು ಬಾಗೀತು. ಆದರೆ ನನ್ನ ಸಂಕಟ ಬೇರೆ. ನಡುವೆ ಐಡ್ಲರ್ ಗೇರು ಇದೆಯಲ್ಲ, ಅದರ ಹಲ್ಲಿನ ಲೆಕ್ಕವೇ ಬೇರೆ. ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸುತ್ತಾರೆ. ತಿರುಗಿಸಲೇಬೇಕು, ಎಲ್ಲಾದರೂ ತಗಲಿದರೆ ಕೈಗೇ ಗೊತ್ತಾಗುತ್ತದೆ. ಕ್ರ್ಯಾಂಕು, ಕ್ಯಾಮು ತಮ್ಮ ಜಾಗಕ್ಕೆ ಬಂದಿರುತ್ತವೆ. ಐಡ್ಲರಿನ ಚುಕ್ಕೆ ಬಂದಿರುವುದಿಲ್ಲ. ಕೂಡಲೇ ‘ಚುಕ್ಕೆ ಸುಳ್ಳು’ ಎಂದು ಮತ್ತೆ ಬಿಚ್ಚುತ್ತಾರೆ! ಅದು ಇನ್ನೆಷ್ಟೋ ಸುತ್ತಿನ ಮೇಲೆ ಬರುತ್ತದೆ ಸ್ವಾಮಿ.

ಪ್ರಶ್ನೆ: ಎಷ್ಟೋ ಸುತ್ತಿನ ಮೇಲೆ ಎಂದಿರಿ, ನೆನಪಾಯಿತು. ತುಮಕೂರು–ರಾಯದುರ್ಗ ರೈಲುಮಾರ್ಗ ಮಂಜೂರಾದದ್ದು 2007–08ರಲ್ಲಿ. ಇರುವುದೇ 207 ಕಿಲೋಮೀಟರು. ರಾಯದುರ್ಗದ ಕಡೆಯ ಹಳಿ ಕಲ್ಯಾಣದುರ್ಗ ಮುಟ್ಟಿತು. ತುಮಕೂರಿನ ಕಡೆಯ ಚುಕ್ಕೆ ಬಂದು ಕೂಡುವುದು ಯಾವಾಗ?

ಚುಕ್ಕೆ: ನಾನು ಹಲ್ಲಿನ ಚುಕ್ಕೆ, ಹಳಿಯದಲ್ಲ. ನನ್ನ ಮಾತು ಮುಗಿದಿಲ್ಲ. ಒಂದನೇ ಪಿಸ್ಟನ್ನು ಮೇಲೆ ಬಂತು ಎಂದು ಪಂಪು ಕೂರಿಸಿಬಿಡುತ್ತಾರೆ. ಪಿಸ್ಟನ್ನು ಮೇಲೆ ಬರುವುದು ಎರಡು ಸಲ: ಗಾಳಿ ಒತ್ತುವಾಗೊಮ್ಮೆ, ಹೊಗೆ ತಳ್ಳುವಾಗೊಮ್ಮೆ. 1-5-3-6-2-4 ಕ್ರಮದ ಆರು ಸಿಲಿಂಡರಿನಲ್ಲಿ ಒಂದರ ಜೋಡಿ ಆರು. ಆರರ ಒಂದು ವಾಲ್ವು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇದ್ದರೆ, ಒಂದನೆಯದು ಒತ್ತುವ ಸರದಿಯಲ್ಲಿದೆ ಎಂದರ್ಥ. ಇದಕ್ಕೆ ಇಂಗ್ಲಿಷ್ ಬೇಡ, ತೆಲುಗು ಬೇಡ, ಕನ್ನಡವೂ ಬೇಡ, ಕಣ್ಣಿದ್ದರೆ ಸಾಕು.

ಪ್ರಶ್ನೆ: ಹೊಸ ಲಾರಿಗಳಲ್ಲಿ ತಮ್ಮನ್ನು ಕೇಳುವವರಿಲ್ಲವಂತೆ?

ಚುಕ್ಕೆ: ಗೇರಿನ ಮೇಲೆ ಈಗಲೂ ಇದ್ದೇನೆ. ಆದರೆ ಡೀಸೆಲ್ ಯಾವಾಗ ಚಿಮ್ಮಬೇಕೆಂದು ನಿರ್ಧರಿಸುವುದು ಕಂಪ್ಯೂಟರು. ಎಷ್ಟೋ ಇಂಜಿನ್ನುಗಳಲ್ಲಿ ಇಂಜೆಕ್ಟರು ಬದಲಿಸಿದರೆ ಅದರ ಮೈಮೇಲಿನ ಕೋಡನ್ನು ಆ ಕಂಪ್ಯೂಟರಿಗೆ ಊಡಿಸಬೇಕು. ಊಡಿಸಲು ಸ್ಕ್ಯಾನರು ಬೇಕು. ಸ್ಕ್ಯಾನರಿಗೆ ಕಂಪನಿಯ ಬೀಗ.

ಇಲ್ಲಿಗೆ ತಮಾಷೆ ಸಾಕು. ಬೀಗದ ಪರವಾಗಿ ಹೇಳುವ ಮಾತು ಪೊಳ್ಳಲ್ಲ: 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-6 ಬಂದಿದೆ, ಟೈಮಿಂಗ್ ಮುಂದೆ ಹಾಕಿದರೆ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ, ಅಂಗಳದ ಮೇಸ್ತ್ರಿಯ ಕೈಗೆ ಅದನ್ನು ಕೊಡುವುದು ಹೇಗೆ? ಕೊಡಬೇಡಿ. ಅಳತೆ ತಿದ್ದುವ ಅಧಿಕಾರ ಬೇರೆ, ಕಂಪನಿಯೇ ಗೊತ್ತುಮಾಡಿದ ಅಳತೆಗೆ ಮರಳಿ ಕೂರಿಸುವ ಹಕ್ಕು ಬೇರೆ. ಚುಕ್ಕೆ ಕೊಟ್ಟಿದ್ದು ಎರಡನೆಯದನ್ನು ಮಾತ್ರ. ಬೀಗ ಕಿತ್ತುಕೊಂಡದ್ದೂ ಅದನ್ನೇ. ಹೊಗೆಯ ಭಯವಿದ್ದರೆ ಹೊಗೆಯನ್ನು ಅಳೆಯಿರಿ, ಮೇಸ್ತ್ರಿಯ ಕೈ ಕಟ್ಟಬೇಡಿ. ಇದು ಬರೀ ಗ್ಯಾರೇಜಿನ ಗೊಣಗಾಟ ಎನ್ನುವವರು 2014ರ ಆಗಸ್ಟ್ ನೆನಪಿಸಿಕೊಳ್ಳಲಿ: ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನವರಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ದಂಡ ಮೇಲ್ಮನವಿಯ ಮೆಟ್ಟಿಲು ಹತ್ತಿತು ನಿಜ, ಅದು ಕಾರಿನ ಮಾತು ಎಂಬುದೂ ನಿಜ. ಆದರೆ ಕಾರು ನಿಂತರೆ ಮನೆಯವರು ಬಸ್ಸು ಹಿಡಿಯುತ್ತಾರೆ, ಲಾರಿ ನಿಂತರೆ ಒಲೆಯೇ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿಗೆಂದು ಪೋರ್ಟಲ್ ತೆರೆಯಿತು. ಪೋರ್ಟಲ್ ತೆರೆದರೆ ಬೀಗ ತೆರೆಯುತ್ತದೆಯೇ? ದುಡ್ಡು ಕೊಟ್ಟು ಕೊಂಡ ಇಂಜಿನ್ನಿನ ಗುಟ್ಟನ್ನು ಕೊಂಡವನಿಂದಲೇ ಮುಚ್ಚಿಡುವುದು ಸುರಕ್ಷತೆಯಲ್ಲ, ಸುಲಿಗೆ.

ಪ್ರಶ್ನೆ: ಕೊನೆಯದಾಗಿ, ಆ ರೈಲು...

ಚುಕ್ಕೆ: ಬಿಡುವುದಿಲ್ಲವಲ್ಲ ನೀವು! ಪ್ರತಿ ಬಜೆಟ್ಟಿನಲ್ಲೂ ಒಂದನೇ ಪಿಸ್ಟನ್ನು ಮೇಲೆ ಬಂದಂತೆ ಕಾಣುತ್ತದೆ, ಅಲ್ಲವೇ? ಮೊದಲು ಆರರ ವಾಲ್ವು ನೋಡಿ. ಅದು ಒತ್ತುವ ಸರದಿಯೋ, ಹೊಗೆ ಬಿಡುವ ಸರದಿಯೋ?